ದಾನ ಕೊಟ್ಟ ಕಣ್ಣು

ಮೈಕು ತನ್ನ ಸಾಲಿಗೆ ಬಂದಾಗ ಪೂರ್ಣಿಮಾ ಎರಡೂ ಕೈಯಿಂದ ಅದನ್ನು ಬಿಗಿಯಾಗಿ ಹಿಡಿದಳು. ಮುಂಡಗೋಡಿನ ಸಭಾಭವನದಲ್ಲಿ ಭಾನುವಾರ ನಡೆಯುವ ವಿಜ್ಞಾನ, ನೀತಿ, ನಂಬಿಕೆಯ ಉಪನ್ಯಾಸಗಳಿಗೆ ಸನವಳ್ಳಿಯಿಂದ ಅವಳು ತಪ್ಪದೆ ಬರುತ್ತಿದ್ದಳು. ಆತ್ಮಕ್ಕೆ ಚರ್ಮದ ಕಣ್ಣು ಬೇಡವೆಂದು ಹಿಂದಿನ ವಾರ ಸ್ವಾಮಿಗಳು ಹೇಳಿದ್ದು ಸಮಾಧಾನ ತಂದಿತ್ತು. ತೀರಿಹೋದ ಗಂಡನ ಹಂಬಲ ಮಾತ್ರ ಹಾಗೇ ಉಳಿದಿತ್ತು. ಇವತ್ತು ಕಣ್ಣಿನ ಡಾಕ್ಟರರಿಂದ ನೇತ್ರದಾನದ ಮಾತೆಂದು ತಿಳಿದು ಅತ್ತೆ ಮುದಕವ್ವನೂ ಕರೆಯದೆಯೇ ಬಸ್ಸು ಹತ್ತಿ, ಪಕ್ಕದಲ್ಲಿ ಬಂದು ಕೂತಿದ್ದಳು.

"ಡಾಕ್ಟರ್ರೀ, ನಮ್ಮ ಮನಿಯವ್ರು ತೀರಿಕೊಂಡಾಗ ಅವ್ರ ಕಣ್ಣು ದಾನ ಕೊಟ್ಟೇನ್ರಿ. ಆ ಕಣ್ಣು ಎಲ್ಲೆರ ನನ್ನ ನೋಡಿದ್ರ, ಗುರುತು ಹಿಡೀತಾವೇನ್ರಿ?"

ಯಾರೂ ನಗಲಿಲ್ಲ. ಡಾಕ್ಟರು ಮೆಲ್ಲಗೆ ಹೇಳಿದರು: "ಇಲ್ಲವ್ವಾ. ಕಣ್ಣಿನ ಮ್ಯಾಲಿನ ತೆಳು ಪದರ ಅಷ್ಟ ಇನ್ನೊಬ್ಬರಿಗೆ ಹಾಕ್ತೇವಿ. ಬೆಳಕು ಒಳಗ ಬಿಡೂದು ಅದರ ಕೆಲಸ. ಗುರುತು ಇರೂದು ಮಿದುಳಿನ್ಯಾಗ."

ಪೂರ್ಣಿಮಾ ಮೈಕು ದಾಟಿಸಿ ಕೂತಳು. ಗಂಡ ಸಂಜೀವಕುಮಾರ ಇನ್ನೊಮ್ಮೆ ಸತ್ತಂತಾಯಿತು. ಇನ್ನು ಅತ್ತೆ ಅದೇ ಮಾತು ಎತ್ತುತ್ತಾಳೆಂದು ತಲೆ ತಗ್ಗಿಸಿದಳು. "ಕಣ್ಣಿಲ್ಲದ ನನ್ನ ಮಗ ಶಿವನ್ನ ಹೆಂಗ ನೋಡ್ತಾನ?" ಎಂದು ಅವನನ್ನು ಮಣ್ಣು ಮಾಡಿದ ದಿನ ಕೇಳಿ, ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟವಳು ಆಕೆ.

ಮುದಕವ್ವ ಸೊಸೆಯ ಕೈ ಹಿಡಿದುಕೊಂಡಳು. "ಅವ್ರು ಹೇಳೂದು ಖರೆ ಇರಬೇಕು," ಎಂದಳು. "ಆದ್ರೂ ಸಂತ್ಯಾಗ ನಾನೂ ಎಲ್ಲಾರ ಕಣ್ಣು ನೋಡ್ಕೋತನ ಅಡ್ಡಾಡ್ತೇನಿ."