ಅರ್ಧ ದಾಟಿದ ಮಾತು

“ಎಳ್ಳಷ್ಟು ಎಡಕ್ಕೆ... ಸಾಕು, ಸಾಕು! ಹಾಗೇ ಹಿಡ್ಕೊಂಡಿರಿ ಅಜ್ಜ,” ಎಂದಳು ಏಣಿಯ ಮೇಲಿದ್ದ ಮೆಕ್ಯಾನಿಕ್. ಮುದಿ ಬಡಗಿ ತಾವೇ ಹೆರೆದು ನಿಲ್ಲಿಸಿದ್ದ ಕಂಬವನ್ನು ಅಪ್ಪಿಕೊಂಡು ನಿಂತರು. ಕಂಬದ ತುದಿಗೆ ಹಿಟ್ಟು ಸೋಸುವ ತಂತಿಯ ಜರಡಿ, ಅದರ ನಡುವೆ ಬೆರಳುದ್ದದ ಯಂತ್ರ. ಕಣಿವೆಯಾಚೆಯ ಗುಡ್ಡದ ಮೇಲೂ ಇಂಥದೇ ಒಂದು. ಎರಡೂ ಒಂದನ್ನೊಂದು ನೇರ ನೋಡಿದರೆ ಇಂಟರ್ನೆಟ್ ಗಾಳಿಯಲ್ಲೇ ದಾಟುತ್ತದಂತೆ.

“ಜರಡೀಲಿ ಮಾತು ಸೋರಿಹೋಗಲ್ವೇನಮ್ಮ?”

“ಹಿಟ್ಟು ಸೋರುತ್ತೆ ಅಜ್ಜ, ಮಾತು ನಿಲ್ಲುತ್ತೆ. ದೊಡ್ಡವರಿಗೆ ಟವರ್, ನಮಗೆ ಜರಡಿ!”

ಬಡಗಿ ನಗಲಿಲ್ಲ. ಹೆಂಡತಿ ತೀರಿಕೊಂಡು ಅಂದಿಗೆ ನಲವತ್ತು ದಿನ. ಸೇತುವೆ ಕೊಚ್ಚಿಹೋಗಿ ಆಚೆ ಗುಡ್ಡದ ನಾದಿನಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಎರಡು ದಿನದ ಸುತ್ತುದಾರಿ ಇವರ ಮೊಣಕಾಲಿಗೆ ಆಗದು. ಅಕ್ಕತಂಗಿಯರಿಬ್ಬರೂ ಹುಟ್ಟು ಕಿವುಡರು, ಓದು ಕಲಿತವರಲ್ಲ. ಮಕ್ಕಳಾಗಿದ್ದಾಗ ತಾವೇ ಕಟ್ಟಿಕೊಂಡ ಕೈಸನ್ನೆಯೇ ಅವರ ಭಾಷೆ. ಮದುವೆಯಾದ ಮೇಲೆ ಬಡಗಿಯೂ ಅದನ್ನು ಕಲಿತರು. ನಾಲ್ಕನೆಯವರಿಗೆ ಅದು ಬಾರದು.

“ಆಚೆ ಗುಡ್ಡದಲ್ಲಿ ಯಂತ್ರ ಕೂರಿಸಿರೋ ನಮ್ಮವನ ಕೈಲಿ ಹೇಗಾದ್ರೂ ಹೇಳಿಸ್ಲಾ?” ಮೆಕ್ಯಾನಿಕ್ ಮೆತ್ತಗೆ ಕೇಳಿದಳು.

“ಬೇಡ ತಾಯಿ. ದೇವರು ಅವಳಿಗೆ ಈ ಮಾತು ಕೇಳೋ ಕಿವಿ ಕೊಡಲಿಲ್ಲ. ಹೇಳೋ ಕೈ ನನಗೆ ಕೊಟ್ಟಿದ್ದಾನೆ.”

ಕಂಬದೆದುರು ಕಲ್ಲಿನ ಮೇಲಿಟ್ಟಿದ್ದ ಫೋನಿನ ಪರದೆ ಬೆಳಗಿತು. ಮೊದಲು ಬರಿಯ ಮಂಜು. ಅದರೊಳಗಿಂದ ಒಂದು ಮುಖ ನೀರಿನಡಿಯಿಂದ ಏಳುವಂತೆ ಮೆಲ್ಲಗೆ ಮೂಡಿತು. ತಂಗಿಯ ಮುಖದಲ್ಲಿ ಅಕ್ಕನದೇ ನಗು! ಬಡಗಿಗೆ ತಾವು ನಿಂತದ್ದು ಯಾವ ಲೋಕದಲ್ಲಿ ಎಂಬುದೇ ಕ್ಷಣಕಾಲ ಮರೆತುಹೋಯಿತು. ನಾದಿನಿ ಗಲ್ಲ ಮುಟ್ಟಿ, ಕೈ ಚಾಚಿದಳು: ಅಕ್ಕ ಎಲ್ಲಿ?

ಬಡಗಿ ಕಂಬ ಬಿಟ್ಟು, ಮನಸ್ಸಿನಲ್ಲೇ ದೇವರನ್ನು ನೆನೆದರು. ಅಂಗೈಗಳನ್ನು ಜೋಡಿಸಿ ಕೆನ್ನೆಗಿಟ್ಟುಕೊಂಡರು. ಇಷ್ಟಾದರೆ ‘ಮಲಗಿದ್ದಾಳೆ’ ಎಂದರ್ಥ. ಆಮೇಲೆ ಕೈಬಿಚ್ಚಿ ಆಕಾಶಕ್ಕೆತ್ತಿದರು. ಆಗ ಅದು ‘ಇನ್ನು ಏಳುವುದಿಲ್ಲ’ ಎಂದಾಗುತ್ತದೆ. ಅಷ್ಟರಲ್ಲಿ ಗಾಳಿಯೊಂದು ಬೀಸಿ ಕಂಬ ಅಲುಗಿತು.

“ಇಲ್ಲಿ ಅಜ್ಜನ ಚಿತ್ರ ಕೆನ್ನೆಗೆ ಕೈಯಿಟ್ಟಲ್ಲೇ ನಿಂತುಬಿಟ್ಟಿತ್ತು,” ಎಂದಿತು ಆಚೆ ಗುಡ್ಡದಿಂದ ವಾಕಿಟಾಕಿ. “ಈಗ ಸರಿಯಾಯ್ತು.”

ನಾದಿನಿಯ ಬೆರಳುಗಳು ಆಡತೊಡಗಿದ್ದವು. ಆಕೆ ಹುಬ್ಬೇರಿಸಿದಳು, ಸೂರ್ಯನತ್ತ ತೋರಿಸಿದಳು, ತಲೆಯಾಡಿಸಿ ನಕ್ಕಳು.

“ಏನಂತಾರೆ ಅಜ್ಜ?”

“ಬಿಸಿಲೇರಿದ್ರೂ ನಿದ್ದೆಯಾ, ಸೋಮಾರಿ ಅಂತಾಳೆ.” ಬಡಗಿ ಪರದೆಯತ್ತಲೇ ನೋಡುತ್ತ ಮುಂದುವರಿಸಿದರು. “ಪಾಪ, ದುಡಿದು ದಣಿದಿರ್ತಾಳೆ, ಮಲಗಲಿ ಅಂತಾಳೆ.”

ಮೆಕ್ಯಾನಿಕ್ ಏಣಿಯಿಂದ ಇಳಿದು ಬಂದು ಕಂಬವನ್ನು ತಾನೇ ಹಿಡಿದುಕೊಂಡಳು. “ಇನ್ನೊಂದ್ಸಲ ಹೇಳಿ ಅಜ್ಜ. ಈ ಸಲ ಅಲುಗಾಡೋಕೆ ಬಿಡಲ್ಲ. ಪೂರ್ತಿ ಹೋಗುತ್ತೆ.”

ಬಡಗಿ ಕೈಗಳನ್ನು ಮತ್ತೆ ಎತ್ತಿದರು. ನಾದಿನಿ ಗಾಬರಿಯಿಂದ ಪರದೆಗೆ ಹತ್ತಿರವಾದಳು. ಹುಟ್ಟಿದಾಗಿನಿಂದ ಒಂದು ಸದ್ದೂ ಕೇಳದ ಆಕೆ, ಅಕ್ಕನಿಗೆ ಎಲ್ಲಿ ಎಚ್ಚರವಾದೀತೋ ಎಂದು, ತುಟಿಯ ಮೇಲೆ ಬೆರಳಿಟ್ಟಳು.