ಬೆಲ್ಲ ಅಂಟಿದ ಪಂಜ

ನಾನು ದನದ ಡಾಕ್ಟರ್ ಆಗುವುದು ಎಂದೂ ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಬಿಸಿಬೆಲ್ಲದ ವಾಸನೆ ಬಂದರೆ ನಾನು ಇಂದಿಗೂ ಮೂಗು ಮುಚ್ಚಿಕೊಳ್ಳುತ್ತೇನೆ.

ಹಾನಗಲ್ ಹತ್ತಿರದ ನಮ್ಮ ಆಲೆಮನೆಯಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ, ಒಂದು ದಿನ ಮಧ್ಯಾಹ್ನವಿಡೀ ಮನೆಯ ಬೆಕ್ಕು ತನ್ನ ಪಂಜವನ್ನು ನೆಕ್ಕುತ್ತ, ಕಚ್ಚುತ್ತ ಕುಳಿತಿತ್ತು.

"ಬೆಲ್ಲದ ರುಚಿ ಹತ್ತೈತಿ ಅದಕ್ಕ, ಬಿಡ" ಎಂದು ದೊಡ್ಡಪ್ಪ ನಕ್ಕರು.

ನಾನು ಪಂಜ ಹಿಡಿದು ಬೆರಳು ಬಿಡಿಸಿದೆ. ಅಂಟಿ ಗಟ್ಟಿಯಾದ ಪಾಕದ ಕೆಳಗೆ ಚರ್ಮ ಬೆಂದು ಕೊಳೆತಿತ್ತು. ಸಿಹಿ ವಾಸನೆಯ ಕೀವಿನಲ್ಲಿ ಬಿಳಿ ಹುಳುಗಳು ಮಿಜಿಗುಡುತ್ತಿದ್ದವು. ಅಲ್ಲೇ ವಾಂತಿ ಮಾಡಿಕೊಂಡೆ.

"ಹುಳ ನೋಡಿ ಕಾರೂ ಹುಡುಗಿ ಡಾಕ್ಟರ್ ಆಕ್ಕಾಳಂತ!"

ಬಾಯಿ ಒರೆಸಿಕೊಂಡು, ಬೆಚ್ಚನೆಯ ನೀರಲ್ಲಿ ಪಾಕ ಕರಗಿಸಿ, ಕಡ್ಡಿಯಿಂದ ಒಂದೊಂದೇ ಹುಳು ತೆಗೆದೆ.

ವರ್ಷಗಳ ನಂತರ, ದನದ ಡಾಕ್ಟರಾಗಿ, ನಮ್ಮ ಮನೆತನದ ಮೊದಲ ಪದವಿಪತ್ರವನ್ನು ಅದೇ ಆಲೆಮನೆಯಲ್ಲಿ ದೊಡ್ಡಪ್ಪನ ಮುಂದೆ ಚಾಚಿದೆ. ಅವರು ಕೈ ಹಿಂದೆಳೆದುಕೊಂಡರು.

"ತಡಿಯವ್ವ, ಬೆಲ್ಲದ ಕೈ ಐತಿ. ತೊಳಕೊಂಡು ಬರ್ತೇನಿ."