ಕೌದಿಯ ತುತ್ತು

ಅಕ್ಕನ ಕೌದಿಗೆ ರಾಷ್ಟ್ರಪ್ರಶಸ್ತಿ ಬಂದಿದೆಯೆಂದು ಇವತ್ತು ಓಣಿಗೆಲ್ಲ ಬೆಲ್ಲ ಹಂಚುವಾಗ, ಆ ವಾಸನೆಗೆ ಕಬನೂರಿನ ಒಂದು ಮಧ್ಯಾಹ್ನ ನೆನಪಾಯಿತು.

ಮಗ್ಗದ ಚಿಂದಿಗಳಿಂದ ಅಕ್ಕ ಒಬ್ಬಳೇ ಹೊಲಿದ ಮೊದಲ ಕೌದಿ ಅದು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಬೆಲ್ಲ ಹಚ್ಚಿದ ರೊಟ್ಟಿಯ ತುತ್ತು ಇಡುವುದು ನಮ್ಮ ಪದ್ಧತಿ. ಅದನ್ನು ಇಟ್ಟು ಅಕ್ಕ ದಾರ ತರಲು ಎದ್ದಾಗ ನಾನು ತಿಂದುಬಿಟ್ಟೆ. ಗೊತ್ತಾಗದೆ ಅವಳು ಮೂಲೆ ಹೊಲಿದಳು.

ಅಜ್ಜಿ ಮೂಲೆ ಒತ್ತಿ ನೋಡಿ, "ಕೌದೀನ ಉಪಾಸ ಕೆಡವಿದಿಯಲ್ಲ, ಅವಸರಗೇಡಿ! ಯಾರ ಹೊಚಗೋತಾರ ಇದನ್ನ?" ಎಂದು ಅಕ್ಕನಿಗೆ ಬೈದಳು.

ಅಕ್ಕ ನನ್ನ ತುಟಿಯ ಬೆಲ್ಲ ನೋಡಿದಳು. ನಾನು ತುಟಿ ಒರೆಸಿಕೊಂಡೆ.

"ಬಿಚ್ಚಿ ಮತ್ತ ಹೊಲೀತೇನಿ, ಅಜ್ಜಿ," ಎಂದಳಷ್ಟೇ.

ಮೂಲೆ ಬಿಚ್ಚಿ, ಹೊಸ ತುತ್ತು ನನ್ನ ಕೈಗಿಟ್ಟು ಪಿಸುಗುಟ್ಟಿದಳು: "ನೀನ ಇಡು. ಇದನ್ನೂ ನುಂಗಬ್ಯಾಡ."